ಬೀದಿಯ ಮಗುವಿನ ಕಾಯಿಲೆ: ಮದ್ದಿದೆ, ಕೈಹಿಡಿದು ಕರೆತರುವವರಿಲ್ಲ

ಮಹಾನಗರಗಳಲ್ಲಿ ನೆಲೆಸಿರುವ ನಮಗೆ ಬೀದಿಯ ಮಕ್ಕಳು ಅಪರಿಚಿತರಲ್ಲ. ಸಿಗ್ನಲಿನಲ್ಲಿ ಕಾರಿನ ಗಾಜು ತಟ್ಟುವವರು, ಲೋಕಲ್ ಗಾಡಿಯ ಡಬ್ಬಿಯನ್ನು ತಮ್ಮ ಅಂಗಿಯಿಂದಲೇ ಗುಡಿಸಿ ಕೈಚಾಚುವವರು, ಪ್ಲಾಟ್‌ಫಾರ್ಮಿನಲ್ಲಿ ಖಾಲಿ ಬಾಟಲಿ ಆಯುವವರು, ಇವರನ್ನು ಕಾಣದೆ ನಮ್ಮ ದಿನ ಕಳೆಯುವುದೇ ಇಲ್ಲ. ಆದರೆ ಈ ಮಕ್ಕಳಿಗೆ ಜ್ವರ ಬಂದರೆ ಏನಾಗುತ್ತದೆ, ನಾಯಿ ಕಚ್ಚಿದರೆ ಎಲ್ಲಿಗೆ ಹೋಗುತ್ತಾರೆ, ಆರು ತಿಂಗಳು ನುಂಗಬೇಕಾದ ಗುಳಿಗೆಗಳನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ ಎಂಬ ಪ್ರಶ್ನೆಗಳು ನಮ್ಮ ಮನಸ್ಸಿಗೆ ಬರುವುದು ಅಪರೂಪ. ಈ ಪ್ರಶ್ನೆಗಳ ಬೆನ್ನು ಹತ್ತಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೀದಿಯ ಮಕ್ಕಳನ್ನು ಕಾಡುವ ರೋಗಗಳಲ್ಲಿ ಹೆಚ್ಚಿನವು ಸಾಮಾನ್ಯವಾದವು, ಗುಣಪಡಿಸಬಹುದಾದವು. ಅವುಗಳ ಔಷಧ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿಯೇ ದೊರೆಯುತ್ತದೆ. ದೊರೆಯದಿರುವುದು ಆ ಔಷಧ ಮಗುವಿನ ಮೈಗೆ ಹತ್ತುವವರೆಗೆ ಜೊತೆಯಲ್ಲಿ ನಿಲ್ಲುವ ಒಬ್ಬ ಹಿರಿಯರು.

ಬೀದಿಯ ಮಕ್ಕಳೆಂದರೆ ಎಲ್ಲರೂ ಅನಾಥರು ಎಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ. ಮನೆಯವರೊಡನೆ ಫುಟ್‌ಪಾತಿನಲ್ಲಿಯೇ ಬಾಳುವ ಮಕ್ಕಳು, ಹಗಲು ಬೀದಿಯಲ್ಲಿ ದುಡಿದು ರಾತ್ರಿ ಜೋಪಡಿಗೆ ಮರಳುವ ಮಕ್ಕಳು, ಮನೆಯ ಸಂಪರ್ಕವನ್ನೇ ಕಡಿದುಕೊಂಡು ಒಂಟಿಯಾಗಿ ಬೀದಿಯಲ್ಲಿರುವ ಮಕ್ಕಳು ಎಂದು ಮೂರು ಬಗೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಹಾಗೂ ಆಕ್ಷನ್ ಏಡ್ ಸಂಸ್ಥೆಗಳು 2013ರಲ್ಲಿ ಪ್ರಕಟಿಸಿದ ಗಣತಿಯಂತೆ ಮುಂಬಯಿಯಲ್ಲಿ ಇಂತಹ 37,059 ಮಕ್ಕಳಿದ್ದರು. ಮೂರೂ ಬಗೆಯವರಿಗೆ ಅಪಾಯವಿದೆ. ಆದರೆ ಮೂರನೆಯ ಬಗೆಯ ಮಗುವಿಗೆ ಕಾಯಿಲೆ ಬಂದಾಗ ಹಣೆ ಮುಟ್ಟಿ ನೋಡುವ ಕೈಯೂ ಇರುವುದಿಲ್ಲ.

ತೀರಾ ಸಣ್ಣದೆನ್ನಿಸುವ ಕಾಯಿಲೆಯಿಂದಲೇ ಆರಂಭಿಸೋಣ. ತುರಿಕಜ್ಜಿಯನ್ನು ಯಾರೂ ದೊಡ್ಡ ರೋಗವೆಂದು ಎಣಿಸುವುದಿಲ್ಲ. ಚರ್ಮದೊಳಗೆ ಬಿಲ ಕೊರೆಯುವ ಅತಿ ಸೂಕ್ಷ್ಮವಾದ ಹುಳವೊಂದು ಅದಕ್ಕೆ ಕಾರಣ. ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ, ಇಡೀ ರಾತ್ರಿ ಬಿಟ್ಟು, ಬೆಳಗ್ಗೆ ಸ್ನಾನ ಮಾಡಿ, ಒಗೆದ ಬಟ್ಟೆ ತೊಡಬೇಕು. ವಾರದ ಬಳಿಕ ಇನ್ನೊಮ್ಮೆ ಹಚ್ಚಬೇಕು. ಜೊತೆಯಲ್ಲಿ ಮಲಗುವವರೆಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ನಮ್ಮ ಮನೆಗಳಲ್ಲಿ ಇದು ಎರಡು ದಿನದ ಕೆಲಸ. ಮೈಮೇಲಿನ ಒಂದೇ ಜೊತೆ ಬಟ್ಟೆ ಇರುವ, ಸ್ನಾನಕ್ಕೆ ದುಡ್ಡು ಕೊಟ್ಟು ಸಾರ್ವಜನಿಕ ಶೌಚಾಲಯಕ್ಕೆ ಹೋಗಬೇಕಾದ, ಚಳಿಗೆ ಐದಾರು ಗೆಳೆಯರೊಡನೆ ಒಂದೇ ಗೋಣಿತಾಟಿನಡಿ ಮಲಗುವ ಹುಡುಗನಿಗೆ ಈ ಚೀಟಿಯಲ್ಲಿ ಬರೆದ ಒಂದು ಸೂಚನೆಯನ್ನೂ ಪಾಲಿಸಲಾಗದು. ಹುಳ ಮತ್ತೆ ಮತ್ತೆ ಮರಳುತ್ತದೆ. ಕೆರೆದ ಗಾಯದಲ್ಲಿ ಕೀವಾಗುತ್ತದೆ. ಆ ಕೀವಿನ ರೋಗಾಣುವಿನ ದೆಸೆಯಿಂದ ಕೆಲವು ಮಕ್ಕಳಿಗೆ ವಾರಗಳ ನಂತರ ಮೂತ್ರಪಿಂಡದ ಉರಿಯೂತ ತಲೆದೋರಿ ಮುಖ ಊದಿಕೊಳ್ಳುತ್ತದೆ. ಒಂದು ಬಕೆಟ್ ನೀರು, ಒಂದು ಸಾಬೂನು, ಇನ್ನೊಂದು ಜೊತೆ ಬಟ್ಟೆ ಇದ್ದಿದ್ದರೆ ನಿಲ್ಲುತ್ತಿದ್ದ ಸರಪಳಿ ಇದು.

ಕ್ಷಯರೋಗದ ಕಥೆಯೂ ಇದೇ ಬಗೆಯದು, ಪರಿಣಾಮ ಮಾತ್ರ ಹೆಚ್ಚು ಭೀಕರ. ಸಾಧಾರಣ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ, ಔಷಧ ಸಂಪೂರ್ಣ ಉಚಿತ. ಆದರೆ ಆರು ತಿಂಗಳೂ ಒಂದೇ ಊರಿನಲ್ಲಿ, ಒಂದೇ ಕೇಂದ್ರದ ಸಂಪರ್ಕದಲ್ಲಿ ಇರಬೇಕು. ಇಂದು ಕುರ್ಲಾ, ನಾಳೆ ಕಲ್ಯಾಣ, ಪೊಲೀಸರು ಓಡಿಸಿದರೆ ನಾಡಿದ್ದು ಸೂರತ್ ಎಂದು ರೈಲಿನಲ್ಲಿ ಅಲೆಯುವ ಹುಡುಗ ಎರಡು ತಿಂಗಳಲ್ಲಿ ಕೆಮ್ಮು ಕಡಿಮೆಯಾಗಿ ಹಸಿವು ಮರಳುತ್ತಲೇ ಗುಳಿಗೆ ಬಿಡುತ್ತಾನೆ. ಹಾಗೆ ಅರ್ಧಕ್ಕೆ ಬಿಟ್ಟ ರೋಗ ಔಷಧಕ್ಕೆ ಬಗ್ಗದ ಕ್ಷಯವಾಗಿ ತಿರುಗಿ ಬರಬಹುದು. ರೋಗಿಯ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಲಾಯಿತು. ಸ್ತುತ್ಯವಾದ ಯೋಜನೆ. ಆದರೆ ಹಣ ಬರುವುದು ಬ್ಯಾಂಕ್ ಖಾತೆಗೆ. ಖಾತೆಗೆ ಗುರುತಿನ ದಾಖಲೆ ಬೇಕು, ದಾಖಲೆಗೆ ವಿಳಾಸ ಬೇಕು.

ನಾಯಿ ಕಡಿತ ಇನ್ನೊಂದು. ಬೀದಿನಾಯಿಗಳು ಈ ಮಕ್ಕಳ ರಾತ್ರಿಯ ಸಂಗಾತಿಗಳು, ಕೆಲವೊಮ್ಮೆ ಕಾವಲುಗಾರರೂ ಹೌದು. ಕಚ್ಚಿದರೆ ಗಾಯವನ್ನು ತಕ್ಷಣ ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು, ನಂತರ ಚುಚ್ಚುಮದ್ದು. ಚರ್ಮದೊಳಗೆ ಕೊಡುವ ಈಗಿನ ಪದ್ಧತಿಯಲ್ಲಿ ಮೊದಲ ದಿನ, ಮೂರನೆಯ, ಏಳನೆಯ ಹಾಗೂ ಇಪ್ಪತ್ತೆಂಟನೆಯ ದಿನ ಹೀಗೆ ನಾಲ್ಕು ಸಲ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಇಪ್ಪತ್ತೆಂಟು ದಿನ ದಿನಾಂಕ ನೆನಪಿಟ್ಟುಕೊಳ್ಳುವ ತಾಯಿ ಆ ಹುಡುಗನ ಪಾಲಿಗಿಲ್ಲ. ಇನ್ನು ಮಳೆಗಾಲದ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್: 2005ರ ಜುಲೈ 26ರ ಮಹಾಮಳೆಯ ಬಳಿಕ ಮುಂಬಯಿಗರಿಗೆಲ್ಲ ಈ ಹೆಸರು ಪರಿಚಿತವಾಯಿತು. ಕಾಲಿನಲ್ಲಿ ಗಾಯವಿದ್ದು ನಿಂತ ನೀರಿನಲ್ಲಿ ನಡೆದವರು 72 ಗಂಟೆಗಳೊಳಗೆ ವೈದ್ಯರ ಸಲಹೆಯಂತೆ ಮುಂಜಾಗ್ರತೆಯ ಮಾತ್ರೆ ನುಂಗಬೇಕೆಂದು ಪಾಲಿಕೆ ಪ್ರತಿ ವರ್ಷ ಪ್ರಕಟಣೆ ಕೊಡುತ್ತದೆ. ಚಪ್ಪಲಿಯಿಲ್ಲದೆ ನಾಲ್ಕು ತಿಂಗಳೂ ಆ ನೀರಿನಲ್ಲಿಯೇ ಇರುವವರು ಆ ಪ್ರಕಟಣೆಯನ್ನು ಓದುವವರಲ್ಲ.

ಬೀದಿಯಲ್ಲಿಯೇ ಹುಟ್ಟಿಕೊಂಡ ಒಂದು ವ್ಯಾಧಿಯಿದೆ. ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪಂಕ್ಚರ್ ಅಂಟಿಸುವ ಸೊಲ್ಯೂಷನ್, ಬರಹ ಅಳಿಸುವ ವೈಟ್‌ನರ್, ಥಿನ್ನರ್ ಇವುಗಳ ಆವಿಯನ್ನು ಮೂಸುವ ಚಟ. ಮುಷ್ಟಿಯಲ್ಲಿ ಬಟ್ಟೆಯ ಚೂರು ಹಿಡಿದು ಮೂಗಿಗೊತ್ತಿಕೊಂಡು ಕುಳಿತ ಹುಡುಗರನ್ನು ನಾವು ನಿಲ್ದಾಣಗಳ ಸೇತುವೆಯಡಿ ಕಂಡಿದ್ದೇವೆ. ಕಂಡು ಹೆಜ್ಜೆ ಬಿರುಸುಗೊಳಿಸಿದ್ದೇವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಒಂದು ವಿಲಕ್ಷಣ ಅಂಕಿಅಂಶವಿದೆ. ಮದ್ಯ, ಗಾಂಜಾ, ಅಫೀಮು ಎಲ್ಲದರಲ್ಲಿಯೂ ವಯಸ್ಕರ ಪ್ರಮಾಣ ಹೆಚ್ಚು, ಮೂಸುವ ಪದಾರ್ಥಗಳಲ್ಲಿ ಮಾತ್ರ ಮಕ್ಕಳ ಪ್ರಮಾಣ (ಶೇ. 1.17) ವಯಸ್ಕರಿಗಿಂತ (ಶೇ. 0.58) ಹೆಚ್ಚು. ದೇಶದಲ್ಲಿ ಸುಮಾರು 4.6 ಲಕ್ಷ ಮಕ್ಕಳಿಗೆ ಈ ಚಟದಿಂದ ಹೊರಬರಲು ನೆರವು ಬೇಕಾಗಿದೆ ಎಂದು ಆ ಸಮೀಕ್ಷೆ ಅಂದಾಜಿಸಿದೆ.

ಮಕ್ಕಳು ಇದಕ್ಕೆ ಏಕೆ ಶರಣಾಗುತ್ತಾರೆ? ಅಗ್ಗವೆಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ ಅದು ಹಸಿವನ್ನು ಅಡಗಿಸುತ್ತದೆ, ಚಳಿಯನ್ನು ಮರೆಸುತ್ತದೆ, ರಾತ್ರಿಯ ಭಯವನ್ನು ಮಂಕಾಗಿಸುತ್ತದೆ. ಊಟ, ಹೊದಿಕೆ, ಬಾಗಿಲು ಈ ಮೂರರ ಕೆಲಸವನ್ನು ಒಂದು ಟ್ಯೂಬು ಮಾಡುತ್ತದೆ ಎಂದರೆ ತಪ್ಪಾಗದು. ಇವುಗಳಲ್ಲಿರುವ ಟೊಲುಯೀನ್ ಮುಂತಾದ ದ್ರಾವಕಗಳು ಕ್ರಮೇಣ ಮಿದುಳಿನ ಬಿಳಿಯ ಭಾಗವನ್ನು, ಮೂತ್ರಪಿಂಡವನ್ನು, ಕೈಕಾಲಿನ ನರಗಳನ್ನು ಕೆಡಿಸುತ್ತವೆ. ಇನ್ನೊಂದು ಅಪಾಯ ಹಠಾತ್ತಾದುದು. ಈ ಆವಿ ಒಳಹೋದಾಗ ಹೃದಯದ ಬಡಿತದ ಲಯ ಸೂಕ್ಷ್ಮವಾಗಿರುತ್ತದೆ. ಆಗ ಮಗು ಬೆದರಿದರೆ ಅಥವಾ ಜೋರಾಗಿ ಓಡಿದರೆ ದೇಹದಲ್ಲಿ ಉಕ್ಕುವ ಅಡ್ರಿನಲಿನ್‌ನಿಂದ ಲಯ ತಪ್ಪಿ, ಮೊದಲ ಸಲ ಮೂಸಿದ ಮಗುವೂ ಅಲ್ಲಿಯೇ ಸಾಯಬಹುದು. ಆದುದರಿಂದ ಮೂಸುತ್ತಿರುವ ಹುಡುಗನನ್ನು ಕಂಡು ಗದರುವುದು, ಕೋಲು ಹಿಡಿದು ಅಟ್ಟುವುದು ಅವನ ಜೀವಕ್ಕೇ ಅಪಾಯ. ನಮ್ಮ ಸೊಸೈಟಿಗಳ ವಾಚ್‌ಮನ್‌ಗಳಿಗೆ ಇದನ್ನು ತಿಳಿಹೇಳಬೇಕು.

ಬಾಟಲಿಯಲ್ಲಿ ತುಂಬಿದ ವೈಟ್‌ನರ್ ಮತ್ತು ಥಿನ್ನರ್‌ನ ಚಿಲ್ಲರೆ ಮಾರಾಟವನ್ನು ಕೇಂದ್ರ ಸರ್ಕಾರ 2012ರಲ್ಲಿ ನಿಷೇಧಿಸಿತು. ಪಂಕ್ಚರ್ ಸೊಲ್ಯೂಷನ್ನನ್ನು ನಿಷೇಧಿಸುವುದು ಸಾಧ್ಯವೇ? ಸೈಕಲ್ ಅಂಗಡಿ ಇರುವವರೆಗೂ ಅದು ಇರುತ್ತದೆ. ಈ ಚಟವನ್ನು ಇಳಿಸುವ ಗುಳಿಗೆಯೂ ಇಲ್ಲ. ಸುರಕ್ಷಿತ ಜಾಗ, ಹೊಟ್ಟೆ ತುಂಬ ಅನ್ನ, ದಿನವನ್ನು ತುಂಬುವ ಚಟುವಟಿಕೆ, ತಿಂಗಳುಗಟ್ಟಲೆ ಬಿಡದೆ ಮಾತನಾಡಿಸುವ ಒಬ್ಬ ಸಮಾಲೋಚಕ, ಇವೇ ಇಲ್ಲಿ ಚಿಕಿತ್ಸೆ.

ಬ್ಯಾಂಕಿನ ಕೌಂಟರಿನ ಹಿಂದೆ ವೃತ್ತಿಜೀವನ ಸವೆಸಿದ ನಮಗೆ ಹಣ ಮತ್ತು ಆರೋಗ್ಯದ ನಂಟಿನ ಒಂದು ಮಾತು ಇಲ್ಲಿ ಪ್ರಸ್ತುತವೆನ್ನಿಸುತ್ತದೆ. ಬೀದಿಯ ಹುಡುಗ ದಿನಕ್ಕೆ ನೂರೋ ಇನ್ನೂರೋ ಸಂಪಾದಿಸುವುದುಂಟು. ಅದನ್ನು ಜೇಬಿನಲ್ಲಿಟ್ಟುಕೊಂಡು ಮಲಗಿದರೆ ರಾತ್ರಿ ದೊಡ್ಡ ಹುಡುಗರು ಬ್ಲೇಡಿನಿಂದ ಜೇಬು ಕತ್ತರಿಸುತ್ತಾರೆ, ಎದುರಿಸಿದರೆ ಹೊಡೆಯುತ್ತಾರೆ. ಹೀಗಾಗಿ ಕತ್ತಲಾಗುವುದರೊಳಗೆ ಎಲ್ಲವನ್ನೂ ಖರ್ಚು ಮಾಡಿಬಿಡುವುದೇ ಅವನಿಗೆ ವಿವೇಕದ ದಾರಿ. ಆ ಹಣ ಸಿನಿಮಾಕ್ಕೆ, ಜೂಜಿಗೆ, ಸೊಲ್ಯೂಷನ್ನಿಗೆ ಹೋಗುತ್ತದೆ. ಮರುದಿನದ ತಿಂಡಿಗೆ, ಚಪ್ಪಲಿಗೆ, ಔಷಧಕ್ಕೆ ಉಳಿಯುವುದಿಲ್ಲ. ನಾವು ಇದನ್ನು ದುಂದುಗಾರಿಕೆ ಎನ್ನುತ್ತೇವೆ. ದೆಹಲಿಯ ಬಟರ್‌ಫ್ಲೈಸ್ ಎಂಬ ಸಂಸ್ಥೆ ಇದನ್ನು ಬೇರೆ ಕಣ್ಣಿನಿಂದ ನೋಡಿ 2001ರಲ್ಲಿ ಬೀದಿಯ ಹಾಗೂ ದುಡಿಯುವ ಮಕ್ಕಳಿಗಾಗಿಯೇ ಒಂದು ಬ್ಯಾಂಕನ್ನು ಆರಂಭಿಸಿತು. ಮಕ್ಕಳೇ ಸದಸ್ಯರು, ಮಕ್ಕಳೇ ಮ್ಯಾನೇಜರುಗಳು. ಪಾಸ್‌ಬುಕ್ ಬರೆಯುವವರೂ ಅವರೇ. ಹತ್ತು ವರ್ಷ ದಾಟಿದ ಮಕ್ಕಳು ಸ್ವತಂತ್ರವಾಗಿ ಉಳಿತಾಯ ಖಾತೆ ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲಿ ಅನುಮತಿಸಿ, 2025ರಲ್ಲಿ ಪರಿಷ್ಕೃತ ಸೂಚನೆಯಲ್ಲಿಯೂ ಅದನ್ನು ಉಳಿಸಿಕೊಂಡಿದೆ. ಆದರೂ ಗುರುತಿನ ದಾಖಲೆಯಿಲ್ಲದ ಮಗುವಿಗೆ ನಮ್ಮ ಬ್ಯಾಂಕುಗಳ ಬಾಗಿಲು ತೆರೆಯುವುದಿಲ್ಲ. ನಿಯಮದ ಕಾರಣ ನಮಗೆ ಗೊತ್ತು. ಅದರ ಪರಿಣಾಮ ಯಾರ ಮೇಲೆ ಬೀಳುತ್ತದೆಂಬುದೂ ಗೊತ್ತಿರಬೇಕು.

ಬೀದಿಯಲ್ಲಿ ಹುಡುಗಿಯರು ಕಡಿಮೆ ಕಾಣಿಸುವುದೇಕೆ ಎಂದು ಕೆಲವರು ಕೇಳುತ್ತಾರೆ. ಒಂಟಿಯಾಗಿ ಬಂದಿಳಿದ ಹುಡುಗಿ ಬೀದಿಯಲ್ಲಿ ಬಹಳ ಕಾಲ ಉಳಿಯಲು ದಲ್ಲಾಳಿಗಳು ಬಿಡುವುದಿಲ್ಲ ಎಂಬುದೇ ಉತ್ತರ. ಗಂಡುಮಕ್ಕಳು ಸುರಕ್ಷಿತರೆಂದು ಭಾವಿಸುವುದೂ ತಪ್ಪು. ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲಿ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿಕೊಂಡ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳೇ. ಇಂತಹ ಮಗುವನ್ನು ಆಸ್ಪತ್ರೆಗೆ ಕರೆದೊಯ್ದಾಗ ಮೊದಲು ಪೊಲೀಸ್ ಕಾಗದ ತನ್ನಿ, ತಂದೆತಾಯಿಯನ್ನು ಕರೆತನ್ನಿ ಎಂದು ಹೇಳುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ನಿಯಮಗಳು ಯಾವುದೇ ದಾಖಲೆಯನ್ನು ಪೂರ್ವಶರತ್ತಾಗಿ ಕೇಳದೆ ತುರ್ತು ಚಿಕಿತ್ಸೆ ಕೊಡಬೇಕೆಂದು ಸ್ಪಷ್ಟವಾಗಿ ಹೇಳುತ್ತವೆ. ಹೆಣ್ಣುಮಗುವಿನ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಪಾಲಕರಾಗಲಿ ಮಗು ನಂಬುವ ಬೇರೆಯವರಾಗಲಿ ಇಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ಒಬ್ಬ ಮಹಿಳೆಯನ್ನು ಜೊತೆಗೆ ನೇಮಿಸಬೇಕು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕಾಗಿರುವುದರಿಂದ ಇಲ್ಲಿ ಪ್ರತಿ ಗಂಟೆಯೂ ಮುಖ್ಯ.

ಹಿರಿಯರ ಈ ಕೊರತೆಯನ್ನು ತುಂಬಲೆಂದೇ ಕಾನೂನು ಒಂದು ವ್ಯವಸ್ಥೆಯನ್ನು ರಚಿಸಿದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಬೀದಿಯಲ್ಲಿ ಬಾಳುವ, ಭಿಕ್ಷೆ ಬೇಡುವ, ನಿಯಮಬಾಹಿರವಾಗಿ ದುಡಿಯುವ ಮಗು ಅಪರಾಧಿಯಲ್ಲ, ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು. ಅಂತಹ ಮಗುವನ್ನು 24 ಗಂಟೆಗಳೊಳಗೆ, ಪ್ರಯಾಣದ ಸಮಯ ಹೊರತುಪಡಿಸಿ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಈ ಸಮಿತಿಯೇ ಮಗುವಿನ ಚಿಕಿತ್ಸೆ, ವಸತಿ, ಊರಿಗೆ ಮರಳಿಸುವಿಕೆ ಎಲ್ಲವನ್ನೂ ನಿರ್ಧರಿಸುತ್ತದೆ. ಮಗುವನ್ನು ಭಿಕ್ಷಾಟನೆಗೆ ಹಚ್ಚುವವರಿಗೆ ಐದು ವರ್ಷದವರೆಗೆ, ಮದ್ಯ, ಮಾದಕವಸ್ತು ಮಾತ್ರವಲ್ಲ ತಂಬಾಕು ಕೊಡುವವರಿಗೂ ಏಳು ವರ್ಷದವರೆಗೆ ಸಜೆಯಿದೆ. ಹಾಗೆಂದು ಫುಟ್‌ಪಾತಿನ ಪ್ರತಿ ಮಗುವನ್ನೂ ಎತ್ತಿಕೊಂಡು ಹೋಗಿ ಆಶ್ರಮದಲ್ಲಿ ಕೂರಿಸುವುದು ಕಾಯ್ದೆಯ ಉದ್ದೇಶವಲ್ಲ. ಆಶ್ರಮವಾಸ ಕಟ್ಟಕಡೆಯ ಮಾರ್ಗವಾಗಿರಬೇಕೆಂದು ಅದೇ ಹೇಳುತ್ತದೆ. ತಾಯಿಯ ಜೊತೆಗಿರುವ ಮಗುವಿಗೆ ಬೇಕಾದುದು ತಾಯಿಗೊಂದು ಸೂರು. ಬಡತನವೊಂದನ್ನೇ ಕಾರಣವಾಗಿಟ್ಟುಕೊಂಡು ಮಗುವನ್ನು ಬೇರ್ಪಡಿಸುವುದನ್ನು ನಾವು ರಕ್ಷಣೆ ಎಂದು ಕರೆಯಲಾರೆವು.

ಒಂಟಿಯಾಗಿ ಬಂದ ಮಗುವಿನ ವಿಷಯದಲ್ಲಿ ಮೊದಲ ದಿನಗಳು ನಿರ್ಣಾಯಕ. ಮನೆ ಬಿಟ್ಟ ಮಗು ಸಾಮಾನ್ಯವಾಗಿ ರೈಲಿನಲ್ಲಿಯೇ ಬರುತ್ತದೆ. ಪರೀಕ್ಷೆಯಲ್ಲಿ ಫೇಲಾದದ್ದು, ಅಪ್ಪನ ಕುಡಿತ, ಹೊಡೆತ, ಸಿನಿಮಾದ ಆಕರ್ಷಣೆ, ಕಾರಣಗಳು ಹತ್ತಾರು. ರೈಲ್ವೆ ರಕ್ಷಣಾ ಪಡೆಯವರು ‘ನನ್ಹೇ ಫರಿಶ್ತೇ’ ಎಂಬ ಕಾರ್ಯಾಚರಣೆಯಲ್ಲಿ 2018ರಿಂದ 2024ರ ಮೇ ತಿಂಗಳವರೆಗೆ ನಿಲ್ದಾಣ ಹಾಗೂ ರೈಲುಗಳಲ್ಲಿ 84,119 ಮಕ್ಕಳನ್ನು ರಕ್ಷಿಸಿದರು. ನಮ್ಮ ರಾಯಚೂರಿನಲ್ಲಿ 1992ರಲ್ಲಿ ಆರಂಭವಾದ ‘ಸಾಥಿ’ ಸಂಸ್ಥೆ ದೇಶದ ಹಲವು ನಿಲ್ದಾಣಗಳಲ್ಲಿ ಇಂತಹ ಮಕ್ಕಳನ್ನು ಹುಡುಕಿ ಮನೆಗೆ ಸೇರಿಸುವ ಕೆಲಸ ಮಾಡುತ್ತ ಬಂದಿದೆ. ಬಂದಿಳಿದ ಹೊಸತರಲ್ಲಿ ಮಗು ಮನೆಯ ನೆನಪಿನಲ್ಲಿ ಅಳುತ್ತಿರುತ್ತದೆ, ಹಿಂತಿರುಗಲು ಒಪ್ಪುತ್ತದೆ. ಕೆಲವು ತಿಂಗಳು ಕಳೆದರೆ ಗುಂಪು, ಸಂಪಾದನೆ, ಸೊಲ್ಯೂಷನ್ ಮೂರೂ ಅದನ್ನು ಬಿಗಿಯಾಗಿ ಹಿಡಿದಿರುತ್ತವೆ.

ಮುಂಬಯಿ ಕನ್ನಡಿಗರಿಗೆ ಈ ಕಥೆ ಹೊಸದೇನಲ್ಲ. ಕರಾವಳಿಯಿಂದ ಕದ್ದುಮುಚ್ಚಿ ಬಂದು ಹೋಟೆಲುಗಳಲ್ಲಿ ಮಾಣಿಗಳಾಗಿ ಸೇರಿ, ರಾತ್ರಿ ಬೆಂಚಿನ ಮೇಲೆ ಮಲಗಿ, ಫೋರ್ಟ್ ಪರಿಸರದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಪರಂಪರೆಯೇ ನಮ್ಮಲ್ಲಿದೆ. ಅವರಿಗೂ ಇಂದಿನ ಬೀದಿಯ ಹುಡುಗನಿಗೂ ಇದ್ದ ಅಂತರ ಬಹಳ ಸಣ್ಣದು: ಊರಿನ ಹೆಸರು ಕೇಳಿ ಗುರುತು ಹಿಡಿಯುವ ಒಬ್ಬ ಧಣಿ, ಎರಡು ಹೊತ್ತು ಊಟ, ಜ್ವರ ಬಂದರೆ ಊರಿಗೊಂದು ಕಾಗದ. 1988ರಲ್ಲಿ ತೆರೆಕಂಡ ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ ಚಿತ್ರದ ಮುಖ್ಯ ಪಾತ್ರ ವಹಿಸಿದ ಬಾಲಕನೂ ಬೆಂಗಳೂರಿನಿಂದ ಓಡಿಬಂದು ಮುಂಬಯಿಯ ಫುಟ್‌ಪಾತಿನಲ್ಲಿದ್ದವನೇ. ಹಾಗೆಂದು ಆ ಹಳೆಯ ಪದ್ಧತಿಯನ್ನು ಇಂದು ಹೊಗಳುತ್ತ ಕೂರುವಂತಿಲ್ಲ. 2006ರ ಅಕ್ಟೋಬರಿನಿಂದ ಹೋಟೆಲುಗಳಲ್ಲಿ, ಮನೆಗೆಲಸದಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ನಿಷಿದ್ಧ; 2016ರ ತಿದ್ದುಪಡಿ ಅದನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ‘ಪಾಪ, ನಮ್ಮ ಮನೆಯಲ್ಲಿಯೇ ಇರಲಿ, ಊಟ ಮಾಡಿಕೊಂಡು ಕೆಲಸ ಮಾಡಲಿ’ ಎಂಬ ಕರುಣೆಯೂ ಕಾನೂನಿನ ಕಣ್ಣಿನಲ್ಲಿ ಅಪರಾಧವೇ.

ಹಾಗಾದರೆ ಒಂಟಿ ಮಗುವನ್ನು ಕಂಡಾಗ ಏನು ಮಾಡಬೇಕು? 1098ಕ್ಕೆ ಕರೆ ಮಾಡಬೇಕು. 1996ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಮುಂಬಯಿಯಲ್ಲಿಯೇ ಹುಟ್ಟಿದ ಈ ಮಕ್ಕಳ ಸಹಾಯವಾಣಿಯನ್ನು 2023ರಿಂದ ಹಂತಹಂತವಾಗಿ ಸರ್ಕಾರವೇ ವಹಿಸಿಕೊಂಡು ತುರ್ತು ಸಂಖ್ಯೆ 112ರೊಡನೆ ಜೋಡಿಸಿದೆ. ಹಗಲಿರುಳೂ ನಡೆಯುತ್ತದೆ, ಕರೆ ಉಚಿತ. ಮಗು ಎಲ್ಲಿದೆ, ಗಾಯವಿದೆಯೇ, ಜೊತೆಯಲ್ಲಿ ಯಾರಿದ್ದಾರೆ ಎಂಬುದನ್ನು ತಿಳಿಸಿ, ಸಾಧ್ಯವಾದರೆ ಅವರು ಬರುವವರೆಗೆ ಹತ್ತಿರದಲ್ಲಿಯೇ ನಿಲ್ಲಬೇಕು. ಒಂಟಿ ಮಗುವನ್ನು ಕಂಡವರು 24 ಗಂಟೆಗಳೊಳಗೆ ತಿಳಿಸುವುದು ಕಾಯ್ದೆಯಂತೆ ಕರ್ತವ್ಯ. ಆಸ್ಪತ್ರೆಗಳಿಗೂ ಇದು ಅನ್ವಯಿಸುತ್ತದೆ. ಮಗುವಿನ ಫೋಟೋ ತೆಗೆದು ಹತ್ತು ಗುಂಪುಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುವ ಉತ್ಸಾಹ ಬೇಡ. ಇಂತಹ ಮಕ್ಕಳ ಗುರುತು ಬಹಿರಂಗಪಡಿಸುವುದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡವಿದೆ.

ಇದರ ಜೊತೆಗೆ ಹೊರನಾಡ ಕನ್ನಡಿಗರಾದ ನಮ್ಮಿಂದ ಮಾತ್ರ ಆಗುವ ಒಂದು ಕೆಲಸವಿದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ರೈಲು ಹತ್ತಿ ಬಂದ ಹತ್ತು ವರ್ಷದ ಹುಡುಗನಿಗೆ ಮರಾಠಿಯಾಗಲಿ ಹಿಂದಿಯಾಗಲಿ ಬಾರದೆ ಇರಬಹುದು. ಸಮಿತಿಯ ಮುಂದೆ ಅವನು ಹೇಳಿದ ಊರಿನ ಹೆಸರು ಕಾಗದದ ಮೇಲೆ ಬೇರೆಯೇ ಆಗುತ್ತದೆ. ಸರಿಯಾಗಿ ಬರೆದರೂ ಹೊಸಹಳ್ಳಿ, ಹೊಸೂರು ಎಂಬ ಹೆಸರಿನ ಊರುಗಳು ನಮ್ಮಲ್ಲಿ ಎಷ್ಟಿಲ್ಲ! ನಿಮ್ಮೂರ ಜಾತ್ರೆ ಯಾವ ದೇವರದು, ಸಂತೆಗೆ ಯಾವ ಊರಿಗೆ ಹೋಗುತ್ತೀರಿ, ಬಸ್ಸಿನ ಹಲಗೆಯ ಮೇಲೆ ಏನು ಬರೆದಿರುತ್ತದೆ ಎಂದು ಅವನ ಮಾತಿನಲ್ಲಿಯೇ ಕೇಳಬಲ್ಲವರು ಆ ಊರನ್ನು ಹುಡುಕಿಕೊಟ್ಟಾರು. ಎಲ್ಲಿ ನೋವು, ಯಾರು ಹೊಡೆದರು ಎಂಬುದನ್ನೂ ಮಗು ತನ್ನ ನುಡಿಯಲ್ಲಿ ಮಾತ್ರ ಹೇಳಬಲ್ಲದು. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳ ಪ್ರಕರಣಗಳಿಗಾಗಿ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಮತ್ತು ಅನುವಾದಕರ ಪಟ್ಟಿಯೊಂದನ್ನು ಇಡಬೇಕೆಂದು 2020ರ ಪೋಕ್ಸೊ ನಿಯಮಗಳು ವಿಧಿಸಿವೆ. ಅದಕ್ಕೆ ದೊಡ್ಡ ಪದವಿ ಬೇಕಿಲ್ಲ. ಮಗುವಿನ ಭಾಷೆ ಮತ್ತು ರಾಜ್ಯದ ಭಾಷೆ ಎರಡೂ ಬಳಕೆಯಲ್ಲಿದ್ದರೆ, ಅದು ಮಾತೃಭಾಷೆಯಾಗಿಯೋ ಪ್ರಾಥಮಿಕ ಶಾಲೆಯ ಮಾಧ್ಯಮವಾಗಿಯೋ ಬಂದಿದ್ದರೆ, ವೃತ್ತಿಯಿಂದ ಅಥವಾ ಆ ಪ್ರದೇಶದಲ್ಲಿ ವಾಸಿಸಿ ಕಲಿತದ್ದಾದರೂ ಸಾಕು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಆಡುವ ನಿವೃತ್ತ ಶಿಕ್ಷಕಿಯರು, ಬ್ಯಾಂಕಿನವರು, ಗೃಹಿಣಿಯರು ನಮ್ಮ ಪ್ರತಿ ಸಂಘದಲ್ಲಿಯೂ ಇದ್ದಾರೆ. ಮುಂಬಯಿ ನಗರ ಮತ್ತು ಮುಂಬಯಿ ಉಪನಗರ ಬೇರೆ ಬೇರೆ ಜಿಲ್ಲೆಗಳಾಗಿರುವುದರಿಂದ, ಹೆಸರು ಕೊಡುವವರು ತಾವಿರುವ ಜಿಲ್ಲೆಯ ಘಟಕದಲ್ಲಿ ವಿಚಾರಿಸಬೇಕು. ಠಾಣೆಯವರಿಗೆ ಠಾಣೆ ಜಿಲ್ಲೆಯ ಘಟಕ.